ಅಡಿಕೆ ತೋಟದ ಪಕ್ಕದಲ್ಲೇ ಗ್ಯಾನೋಡರ್ಮಾ ಅಣಬೆ ಬೆಳೆಯುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ಅಡಿಕೆ ಮರದ ಬುಡದಲ್ಲಿ ಕೆಂಪಗೆ, ವಾರ್ನಿಷ್ ಹಚ್ಚಿದ ಹಾಗೆ ಹೊಳೆಯುವ ಅಣಬೆ ಕಂಡರೆ ನಮ್ಮ ಕಡೆ ಯಾರಿಗೂ ಖುಷಿಯಾಗುವುದಿಲ್ಲ. ಆ ಮರದ ಕತೆ ಮುಗಿಯಿತು ಅಂತಲೇ ಲೆಕ್ಕ. ಕೊಪ್ಪ, ಶೃಂಗೇರಿ, ತರೀಕೆರೆಯ ತೋಟದವರು ಅದನ್ನು ಅಣಬೆ ರೋಗ ಅನ್ನುತ್ತಾರೆ. ಅರಸೀಕೆರೆ, ಕಡೂರಿನ ತೆಂಗಿನವರಿಗೂ ಅದೇ ತಲೆನೋವು. ಆದರೆ ಅದೇ ಕುಲದ ಅಣಬೆಯನ್ನು ಚೀನಾದವರು ಸುಮಾರು ಎರಡು ಸಾವಿರ ವರ್ಷಗಳಿಂದ ಔಷಧಿ ಎಂದು ಕಾಪಾಡಿಕೊಂಡು ಬಂದಿದ್ದಾರೆ. ಅವರ ಬಾಯಲ್ಲಿ ಅದು ಲಿಂಗ್‌ಝಿ. ಜಪಾನಿನಲ್ಲಿ ರೇಶಿ. ನಮಗೆ ಪೇಟೆಯಲ್ಲಿ ಸಿಗುವ ಹೆಸರು ಗ್ಯಾನೋಡರ್ಮಾ.

ನಾನು ಮೂಡಿಗೆರೆ ಕಡೆಯವನು. ಹಸು ಮಾರಿದ ಮೇಲೆ ಖಾಲಿ ಬಿದ್ದಿದ್ದ ಕೊಟ್ಟಿಗೆಯಲ್ಲಿ ಆರು ವರ್ಷದಿಂದ ಇದನ್ನು ಬೆಳೆಯುತ್ತಿದ್ದೇನೆ. ಮೊದಲ ವರ್ಷ ಬೆಳೆ ಮುಗಿದ ಮರದ ಹೊಟ್ಟಿನ ಚೀಲಗಳನ್ನು ಏನು ಮಾಡುವುದು ಎಂದು ಗೊತ್ತಾಗದೆ, ಒಳ್ಳೆ ಗೊಬ್ಬರ ಅಲ್ವಾ ಎಂದು ಅಡಿಕೆ ಸಾಲಿನ ನಡುವೆ ಸುರಿದುಬಿಟ್ಟೆ. ಮಳೆ ಹಿಡಿದು ಎರಡು ವಾರಕ್ಕೆ ಆ ಗುಡ್ಡೆಯ ಮೇಲೆ ಕೆಂಪು ಬೀಸಣಿಗೆಗಳು ಎದ್ದಿದ್ದವು. ನೋಡಿದ ಚಿಕ್ಕಪ್ಪ ಬೈದ ಬೈಗುಳ ಇಲ್ಲಿ ಬರೆಯುವ ಹಾಗಿಲ್ಲ. "ಅಜ್ಜ ಗುಂಡಿ ತೋಡಿ ಓಡಿಸಿದ್ದನ್ನ ನೀನು ದುಡ್ಡು ಕೊಟ್ಟು ತಂದ್ಯಲ್ಲೋ" ಎಂಬ ಮಾತು ಮಾತ್ರ ಹೇಳಬಹುದು. ಅವತ್ತು ಮಳೆಯಲ್ಲೇ ನಿಂತು ಪೂರ್ತಿ ಗುಡ್ಡೆ ತೋಡಿ ತೆಗೆದೆ.

ಗ್ಯಾನೋಡರ್ಮಾ ಬೆಳೆಯುವ ವಿಧಾನ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಹೆಚ್ಚಿನವರು ಅಡಿಕೆ, ತೆಂಗು ಇಲ್ಲದ ಜಾಗದ ಲೆಕ್ಕದಲ್ಲಿ ಹೇಳುತ್ತಾರೆ. ಹಾಸನ, ಚಿಕ್ಕಮಗಳೂರು, ನಮ್ಮ ಈ ಎರಡು ಜಿಲ್ಲೆಗಳಲ್ಲಿ ಮನೆ ಹಿಂದೆಯೇ ತೋಟ ಇರುತ್ತದೆ. ಹಾಗಾಗಿ ಇಲ್ಲಿ ಬೆಳೆಯುವ ಕ್ರಮವೂ ಸ್ವಲ್ಪ ಬೇರೆ ಇರಬೇಕು. ಅದನ್ನೇ ಬರೆಯುತ್ತಿದ್ದೇನೆ.

ಇದು ಯಾವ ಅಣಬೆ?

ಸಾರು ಮಾಡುವ ಅಣಬೆ ಇದಲ್ಲ. ಹುತ್ತದ ಅಣಬೆ, ಅಕ್ಕಿ ಅಣಬೆ ತಿಂದ ನಾಲಿಗೆಗೆ ಇದು ಮರದ ತುಂಡು ಕಚ್ಚಿದ ಹಾಗೆ. ಮೇಲೆ ಕೆಂಪು ಮಿಶ್ರಿತ ಕಂದು ಬಣ್ಣ, ಒಳ್ಳೆ ಹೊಳಪು. ಕೆಳಗೆ ತಿರುಗಿಸಿದರೆ ಪದರಗಳಿಲ್ಲ, ಸೂಜಿಮೊನೆಯಷ್ಟು ಸಣ್ಣ ರಂಧ್ರಗಳಿರುವ ಬಿಳಿ ಮೈ. ಅದನ್ನು ಉಗುರಿನಿಂದ ಗೀರಿದರೆ ಕಂದು ಗೆರೆ ಮೂಡುತ್ತದೆ. ಗ್ರೀಕ್ ಭಾಷೆಯಲ್ಲಿ ಗ್ಯಾನೋಸ್ ಅಂದರೆ ಹೊಳಪು, ಡರ್ಮಾ ಅಂದರೆ ಚರ್ಮ. ಹೆಸರು ಇಟ್ಟವರು ಸರಿಯಾಗಿಯೇ ಇಟ್ಟಿದ್ದಾರೆ.

ಹೆಸರಿನ ವಿಷಯದಲ್ಲಿ ಒಂದು ಗೋಜಲು ಇದೆ. ಗ್ಯಾನೋಡರ್ಮಾ ಲೂಸಿಡಮ್ ಎಂಬುದು ಮೂಲತಃ ಇಂಗ್ಲೆಂಡಿನಲ್ಲಿ ಸಿಕ್ಕ ಅಣಬೆಗೆ 18ನೇ ಶತಮಾನದಲ್ಲಿ ಬಂದ ಹೆಸರು. ಆಮೇಲೆ ಲೋಕದಲ್ಲಿ ಎಲ್ಲಿ ಹೊಳೆಯುವ ಕೆಂಪು ಅಣಬೆ ಕಂಡರೂ ಅದೇ ಹೆಸರು ಅಂಟಿಸಿದರು. ಚೀನಾದಲ್ಲಿ ಬೆಳೆಯುವುದು ಬೇರೆ ಜಾತಿ ಎಂದು 2012ರಲ್ಲಿ ಗ್ಯಾನೋಡರ್ಮಾ ಲಿಂಗ್‌ಝಿ ಎಂಬ ಹೊಸ ಹೆಸರು ಕೊಟ್ಟರು. ನಮ್ಮ ಹಳೆಯ ಕೃಷಿ ಪುಸ್ತಕಗಳಲ್ಲಿ ಅಡಿಕೆ ಅಣಬೆ ರೋಗದ ಕಾರಣ ಎಂದು ಬರೆದಿರುವುದೂ ಗ್ಯಾನೋಡರ್ಮಾ ಲೂಸಿಡಮ್ ಎಂದೇ. ಅಂದರೆ ಬೀಜದ ಪ್ಯಾಕೆಟ್ ಮೇಲಿನ ಹೆಸರು ನೋಡಿ, ಇದು ತೋಟಕ್ಕೆ ಬರುವ ಜಾತಿಯೋ ಅಲ್ಲವೋ ಎಂದು ನೀವೂ ನಾನೂ ತೀರ್ಮಾನ ಮಾಡುವ ಹಾಗಿಲ್ಲ. ಬರುತ್ತದೆ ಎಂದುಕೊಂಡೇ ನಡೆಯುವುದು ಜಾಣತನ.

ಹಿಂದಿನವರು ಹೇಗೆ ಬಳಸುತ್ತಿದ್ದರು?

ಚೀನಾದ ಪ್ರಾಚೀನ ಔಷಧ ಗ್ರಂಥಗಳಲ್ಲಿ ಈ ಅಣಬೆಗೆ ಮೇಲಿನ ದರ್ಜೆಯ ಸ್ಥಾನ. ಬಣ್ಣದ ಮೇಲೆ ಆರು ಬಗೆ ಎಂದು ವಿಂಗಡಿಸಿ, ಆಯುಸ್ಸು ಹೆಚ್ಚಿಸುವುದು, ಬಲ ಕೊಡುವುದು ಎಂದೆಲ್ಲ ಬರೆದಿದ್ದಾರೆ. ಕಾಡಿನಲ್ಲಿ ಒಳ್ಳೆಯದು ಸಿಗುವುದು ಅಪರೂಪ. ಹಾಗಾಗಿ ಅದು ಅರಮನೆಯ ವಸ್ತು, ಶುಭದ ಗುರುತು. ಹೋಳು ಮಾಡಿ ಗಂಟೆಗಟ್ಟಲೆ ಕುದಿಸಿ ಕಷಾಯ ಕುಡಿಯುವುದು ಅವರ ಪದ್ಧತಿ. ಚೀನಾದ ಈಗಿನ ಅಧಿಕೃತ ಔಷಧ ಸಂಹಿತೆಯೂ ದಿನಕ್ಕೆ 6ರಿಂದ 12 ಗ್ರಾಂ ಒಣ ಅಣಬೆ ಎಂದು ಹೇಳುತ್ತದೆ.

ನಮ್ಮ ದೇಶದಲ್ಲೂ ಮರದ ಅಣಬೆಗಳ ಔಷಧ ಬಳಕೆ ಇದೆ. ಮಧ್ಯ ಭಾರತದ ಬೈಗಾ ಜನ ಗ್ಯಾನೋಡರ್ಮಾವನ್ನು ಉಬ್ಬಸಕ್ಕೆ ಕೊಡುತ್ತಿದ್ದರು. ಕೊಂಕಣದ ಕಡೆ ಹಲಸಿನ ಮರದಲ್ಲಿ ಬರುವ ಗಟ್ಟಿ ಅಣಬೆಯನ್ನು ತೇಯ್ದು ಜೊಲ್ಲು ಜಾಸ್ತಿ ಸುರಿಸುವ ಮಕ್ಕಳ ಬಾಯಿಗೆ ಹಚ್ಚುತ್ತಾರೆ. ಅದು ಗ್ಯಾನೋಡರ್ಮಾ ಅಲ್ಲ, ಫೆಲಿನಸ್ ಎಂಬ ಬೇರೆ ಅಣಬೆ. ನಮ್ಮ ಮನೆಯಲ್ಲಿ ಮಾತ್ರ ಕೆಂಪು ಅಣಬೆ ಕಂಡರೆ ಕತ್ತಿ ಹುಡುಕುತ್ತಿದ್ದರೇ ಹೊರತು ಕಷಾಯದ ಪಾತ್ರೆ ಹುಡುಕಿದವರಿಲ್ಲ.

ಈಗಿನ ವಿಜ್ಞಾನ ಏನು ಹೇಳುತ್ತದೆ? ಇದರಲ್ಲಿ ಬೀಟಾ ಗ್ಲುಕಾನ್ ಎಂಬ ಸಕ್ಕರೆ ಸರಪಳಿಗಳಿವೆ, ಅವು ಬಿಸಿನೀರಿನಲ್ಲಿ ಬಿಡುತ್ತವೆ. ಟ್ರೈಟರ್ಪೀನ್ ಎಂಬ ಕಹಿ ಅಂಶಗಳಿವೆ, ಅವು ಆಲ್ಕೋಹಾಲ್‌ನಲ್ಲಿ ಚೆನ್ನಾಗಿ ಬಿಡುತ್ತವೆ. ಪ್ರಯೋಗಾಲಯದಲ್ಲಿ ಒಳ್ಳೆ ಫಲಿತಾಂಶ ಕಂಡಿದೆ. ಮನುಷ್ಯರ ಮೇಲಿನ ಪ್ರಯೋಗಗಳು ಅಷ್ಟು ಗಟ್ಟಿಯಾಗಿಲ್ಲ. ವೈದ್ಯಕೀಯ ಸಂಶೋಧನೆಗಳನ್ನು ಒಟ್ಟಿಗೆ ಇಟ್ಟು ತೂಗುವ ಕೊಕ್ರೇನ್ ಸಂಸ್ಥೆ 2016ರಲ್ಲಿ ಹೇಳಿದ್ದು ಇಷ್ಟು: ಕ್ಯಾನ್ಸರಿಗೆ ಇದನ್ನೇ ಮುಖ್ಯ ಚಿಕಿತ್ಸೆ ಎಂದು ಕೊಡಲು ಸಾಕಷ್ಟು ಆಧಾರ ಇಲ್ಲ, ಬೇರೆ ಚಿಕಿತ್ಸೆಯ ಜೊತೆಗೆ ಬೇಕಾದರೆ ಪರಿಗಣಿಸಬಹುದು. ಸಕ್ಕರೆ ಕಾಯಿಲೆಯವರ ಹೃದಯದ ತೊಂದರೆ ತಗ್ಗಿಸುತ್ತದೆ ಎಂಬುದಕ್ಕೂ ಅವರಿಗೆ ಆಧಾರ ಸಿಕ್ಕಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಕಾಫಿ ಸೀಮೆಗೇ ಬಂದು ನಮಗೇ ಅಣಬೆ ಕಾಫಿ ಮಾರಿ, ಎಲ್ಲ ಕಾಯಿಲೆಗೂ ಇದೊಂದೇ ಮದ್ದು ಎಂದು ಹೇಳಿಹೋದವರನ್ನು ನಾನು ನೋಡಿದ್ದೇನೆ.

ಮೊದಲ ಹೆಜ್ಜೆ: ಜಾಗ ಮತ್ತು ಕಾಲ

ಈ ಅಣಬೆಗೆ ಬಿಸಿ ಬೇಕು. ಬಿಳಿ ನೂಲು, ಅಂದರೆ ಅಣಬೆಯ ಬೇರಿನಂಥ ಎಳೆಗಳು, ಹಬ್ಬುವಾಗ 28ರಿಂದ 32 ಡಿಗ್ರಿ, ಅಣಬೆ ಮೂಡುವಾಗ 25ರಿಂದ 28 ಡಿಗ್ರಿ. ಚಿಪ್ಪಣಬೆ ಬೆಳೆದವರು ಇಲ್ಲೇ ಎಡವುತ್ತಾರೆ. ಮಳೆಗಾಲದ ತಂಪಿನಲ್ಲಿ ಚಿಪ್ಪಣಬೆ ಚೆನ್ನಾಗಿ ಬರುತ್ತದಲ್ಲ, ಇದೂ ಬರಲಿ ಎಂದು ಜೂನ್‌ನಲ್ಲಿ ಬೀಜ ಹಾಕುತ್ತಾರೆ. ಜುಲೈಯ ಸಕಲೇಶಪುರದಲ್ಲಿ, ಮೂಡಿಗೆರೆಯಲ್ಲಿ ಸ್ವೆಟರ್ ಹಾಕಿಕೊಂಡು ಕೂತಿರುತ್ತೇವೆ. ಆ ಚಳಿಗೆ ನೂಲು ತೆವಳುತ್ತದೆ, ಅಷ್ಟರಲ್ಲಿ ಬೂಷ್ಟು ಓಡಿ ಬರುತ್ತದೆ. ಬೆಳೆ ಬಂದರೂ ಒಣಗಿಸಲು ಬಿಸಿಲಿಲ್ಲ.

ನಾನು ಚೀಲ ತುಂಬುವುದು ಫೆಬ್ರವರಿ ಮೊದಲ ವಾರ. ಕಾಫಿ ಕುಯ್ಲಿನ ಗಡಿಬಿಡಿ ಆಗ ತಗ್ಗಿರುತ್ತದೆ. ಮಾರ್ಚ್‌ನಲ್ಲಿ ನೂಲು ತುಂಬುತ್ತದೆ. ಏಪ್ರಿಲ್‌ನ ಹೂಮಳೆ, ಅಡ್ಡಮಳೆ ಬೀಳುವ ಹೊತ್ತಿಗೆ ಗಾಳಿಯಲ್ಲಿ ತೇವ ಬರುತ್ತದೆ, ಅಣಬೆ ಬಿಚ್ಚುತ್ತದೆ. ಮೇ ಮುಗಿಯುವುದರೊಳಗೆ ಮೊದಲ ಕೊಯ್ಲು ಒಣಗಿ ಡಬ್ಬಿ ಸೇರಿರಬೇಕು. ಅರಸೀಕೆರೆ, ಚನ್ನರಾಯಪಟ್ಟಣ, ಕಡೂರಿನ ಬಯಲಿನವರಿಗೆ ಬಿಸಿಯ ಚಿಂತೆ ಇಲ್ಲ, ತೇವದ ಚಿಂತೆ ಇದೆ. ಅವರು ಜೂನ್, ಜುಲೈ, ಆಗಸ್ಟ್ ತಿಂಗಳಲ್ಲೂ ಬೆಳೆಯಬಹುದು.

ಜಾಗ ಆರಿಸುವಾಗ ಅಡಿಕೆ, ತೆಂಗಿನ ಸಾಲಿನಿಂದ ಎಷ್ಟು ದೂರ ಸಾಧ್ಯವೋ ಅಷ್ಟು ದೂರ ಹೋಗಿ. ತೋಟದೊಳಗೆ ನೆರಳಿದೆ, ತಂಪಿದೆ ಎಂದು ಅಲ್ಲೇ ಚಪ್ಪರ ಹಾಕುವುದು ಬೇಡವೇ ಬೇಡ. ಗೋಡೆ, ಸಿಮೆಂಟ್ ನೆಲ ಇರುವ ಹಳೆ ಕೋಣೆ ಅಥವಾ ಕೊಟ್ಟಿಗೆ ಒಳ್ಳೆಯದು. ಹಂಚಿನ ಮಾಡು ಇದ್ದರೆ ಕೆಳಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ. ಕಿಟಕಿಗೆ ಸೊಳ್ಳೆ ಪರದೆ ಬಡಿಯಿರಿ. ಆ ಪರದೆ ನೊಣಕ್ಕೆ ಅಡ್ಡವೇ ಹೊರತು ಅಣಬೆಯ ಬೀಜಕಣಕ್ಕೆ ಅಲ್ಲ. ಬೀಜಕಣದ ಅಗಲ ಒಂದು ಮಿಲಿಮೀಟರ್‌ನ ನೂರನೇ ಒಂದು ಭಾಗದಷ್ಟು. ಅದನ್ನು ತಡೆಯುವ ದಾರಿ ಬೇರೆ, ಕೊಯ್ಲಿನ ಹೊತ್ತಿಗೆ ಹೇಳುತ್ತೇನೆ.

ಎರಡನೇ ಹೆಜ್ಜೆ: ಬೀಜ

ಬೀಜ ಅಂದರೆ ಜೋಳ ಅಥವಾ ಗೋಧಿ ಕಾಳಿನ ಮೇಲೆ ಬೆಳೆಸಿದ ಬಿಳಿ ನೂಲು. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಅಣಬೆ ವಿಭಾಗ ಇದೆ. ಹಿಮಾಚಲ ಪ್ರದೇಶದ ಸೋಲನ್‌ನಲ್ಲಿ ಅಣಬೆ ಸಂಶೋಧನಾ ನಿರ್ದೇಶನಾಲಯ ಇದೆ. ಮರದ ಹೊಟ್ಟಿನಲ್ಲಿ ಗ್ಯಾನೋಡರ್ಮಾ ಬೆಳೆಯುವ ನಮ್ಮ ದೇಶದ ಪದ್ಧತಿಯನ್ನು ರೂಪಿಸಿದ್ದು ಸೋಲನ್‌ನವರು. ತಿಂಗಳು ಮೊದಲೇ ವಿಚಾರಿಸಿ, ಗ್ಯಾನೋಡರ್ಮಾ ಬೀಜ ಯಾವಾಗಲೂ ಕೈಯಲ್ಲಿ ಇರುವುದಿಲ್ಲ. ಹಾಸನದವರು ಕಂದಲಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ, ಚಿಕ್ಕಮಗಳೂರಿನವರು ಮೂಡಿಗೆರೆಯ ಕೇಂದ್ರದಲ್ಲಿ ಮಾತಾಡಿ ನೋಡಿ. ತರಬೇತಿ ಎಲ್ಲಿದೆ ಎಂದು ಹೇಳುತ್ತಾರೆ.

ಕಾಡಿನಿಂದ, ತೋಟದಿಂದ ಅಣಬೆ ಕಿತ್ತು ತಂದು ಬೀಜ ಮಾಡಿಕೊಳ್ಳುವ ಸಾಹಸ ಬೇಡ. ಅಡಿಕೆ ಬುಡದಿಂದ ತಂದದ್ದು ಅಂದರೆ ರೋಗವನ್ನೇ ಸಾಕಿದ ಹಾಗೆ.

ಮೂರನೇ ಹೆಜ್ಜೆ: ಹೊಟ್ಟು ಕಲಸುವುದು

1970ರ ದಶಕದ ಆರಂಭದಲ್ಲಿ ಜಪಾನಿನಲ್ಲಿ ಈ ಅಣಬೆ ಮರದ ಹೊಟ್ಟಿನಲ್ಲಿ ಬೆಳೆಯಬಹುದು ಎಂದು ಮಾಡಿ ತೋರಿಸಿದ ಮೇಲೆಯೇ ಇದು ಕಾಡಿನಿಂದ ಶೆಡ್ಡಿಗೆ ಬಂದಿದ್ದು. ಅಗಲ ಎಲೆಯ ಮರದ ಹೊಟ್ಟು ಬೇಕು. ಮಾವು ಚೆನ್ನ. ನಮ್ಮಲ್ಲಿ ಸಾಮಿಲ್‌ಗೆ ಹೋದರೆ ಸಿಗುವುದು ಸಿಲ್ವರ್ ಓಕ್. ನಾನು ಅದನ್ನೇ ಬಳಸುವುದು, ಇಲ್ಲಿಯವರೆಗೆ ಕೈಕೊಟ್ಟಿಲ್ಲ. ನೀಲಗಿರಿ, ಪೈನ್ ಬೇಡ. ಪ್ಲೈವುಡ್ ಅಥವಾ ಔಷಧಿ ಹೊಡೆದ ಮರದ ಹೊಟ್ಟು ಅಂತೂ ಮುಟ್ಟಲೇಬೇಡಿ. ಇದು ನಾಳೆ ಯಾರೋ ಕಷಾಯ ಮಾಡಿ ಕುಡಿಯುವ ವಸ್ತು.

ಕಾಫಿ ಸಿಪ್ಪೆ ಹಾಕಬಹುದಾ ಎಂದು ಬಂದವರೆಲ್ಲ ಕೇಳುತ್ತಾರೆ. ಚಿಪ್ಪಣಬೆಗೆ ಹಾಕಿ. ಇದರ ಮೊದಲ ಬೆಳೆಗೆ ಹಾಕಬೇಡಿ, ಕಲಿಯುವಾಗ ಒಂದೇ ದಾರಿ ಇರಲಿ.

ಒಂದು ಕೆಜಿಯ 20 ಚೀಲಕ್ಕೆ ಲೆಕ್ಕ ಹೀಗೆ:

- ಒಣ ಮರದ ಹೊಟ್ಟು 6 ಕೆಜಿ
- ಅಕ್ಕಿ ತೌಡು ಅಥವಾ ಗೋಧಿ ಬೂಸಾ ಒಂದೂವರೆ ಕೆಜಿ
- ಜಿಪ್ಸಂ 75 ಗ್ರಾಂ
- ಸೀಮೆಸುಣ್ಣದ ಪುಡಿ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, 75 ಗ್ರಾಂ
- ನೀರು 11ರಿಂದ 12 ಲೀಟರ್

ತೌಡು ಹೊಸದಾಗಿರಲಿ. ಮುಗ್ಗಲು ವಾಸನೆ ಬಂದರೆ ದನಕ್ಕೂ ಬೇಡ, ಅಣಬೆಗೂ ಬೇಡ. ಮೊದಲು ಒಣ ಪುಡಿಗಳನ್ನೆಲ್ಲ ಕಲಸಿ, ಆಮೇಲೆ ನೀರನ್ನು ಸ್ವಲ್ಪ ಸ್ವಲ್ಪ ಹಾಕಿ. ಹಿಡಿ ತುಂಬ ತೆಗೆದುಕೊಂಡು ಗಟ್ಟಿಯಾಗಿ ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಾಣಬೇಕು, ಧಾರೆ ಇಳಿಯಬಾರದು. ಕೈ ಬಿಚ್ಚಿದರೆ ಉಂಡೆ ಹಾಗೇ ನಿಲ್ಲಬೇಕು. ನೀರು ಜಾಸ್ತಿಯಾದರೆ ಚೀಲದ ತಳದಲ್ಲಿ ನಿಂತು ಹುಳಿಯಾಗುತ್ತದೆ, ನೂಲು ಅರ್ಧಕ್ಕೇ ನಿಲ್ಲುತ್ತದೆ.

ಕಲಸಿದ ದಿನವೇ ತುಂಬಿ, ಆ ದಿನವೇ ಬೇಯಿಸಬೇಕು. ರಾತ್ರಿ ಬಿಟ್ಟರೆ ತೌಡು ಹುಳಿ ಹಿಡಿಯುತ್ತದೆ. ಚೀಲ ಪಾಲಿಪ್ರೊಪಿಲೀನ್‌ನದ್ದೇ ಆಗಬೇಕು, ಅಂಗಡಿಯಲ್ಲಿ ಪಿಪಿ ಕವರ್ ಎಂದು ಕೇಳಿ. ಮಾಮೂಲಿ ಪ್ಲಾಸ್ಟಿಕ್ ಕುಕ್ಕರಿನಲ್ಲಿ ಕರಗುತ್ತದೆ. ಒತ್ತಿ ತುಂಬಿ, ಬಾಯಿಗೆ ಪೈಪಿನ ಸಣ್ಣ ಬಳೆ ತೊಡಿಸಿ, ನೀರು ಹೀರದ ಹತ್ತಿಯ ಬಿರಡೆ ಹಾಕಿ. ಅದರ ಮೇಲೆ ಕಾಗದ ಕಟ್ಟಿ, ಹಬೆಯ ನೀರು ಹತ್ತಿಗೆ ಇಳಿಯದ ಹಾಗೆ.

ನಾಲ್ಕನೇ ಹೆಜ್ಜೆ: ಬೇಯಿಸುವುದು

ಬೆಳೆ ಉಳಿಯುವುದೂ ಹಾಳಾಗುವುದೂ ಇಲ್ಲೇ. ಸ್ವಲ್ಪ ಜಾಸ್ತಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಚಿಪ್ಪಣಬೆಗೆ ಹುಲ್ಲನ್ನು ಬಿಸಿನೀರಿನಲ್ಲಿ ಅದ್ದಿ ತೆಗೆದರೆ ನಡೆಯುತ್ತದೆ. ಇಲ್ಲಿ ನಡೆಯುವುದಿಲ್ಲ. ತೌಡು ಹಾಕಿದ್ದೇವಲ್ಲ, ಅದು ಎಲ್ಲ ಬೂಷ್ಟಿಗೂ ಹಬ್ಬದ ಊಟ. ಸೋಲನ್‌ನವರು ಆಟೋಕ್ಲೇವ್ ಎಂಬ ಒತ್ತಡದ ಹಬೆಯ ಯಂತ್ರದಲ್ಲಿ 22 ಪೌಂಡ್ ಒತ್ತಡದಲ್ಲಿ 2 ಗಂಟೆ ಬೇಯಿಸಲು ಹೇಳುತ್ತಾರೆ. ಮನೆಯ ದೊಡ್ಡ ಪ್ರೆಶರ್ ಕುಕ್ಕರ್ 15 ಪೌಂಡ್ ಆಸುಪಾಸು ಕೊಡುತ್ತದೆ. ಅದರಲ್ಲಿ ಎರಡೂವರೆ ಗಂಟೆ ಇಡಿ. 22 ಲೀಟರಿನ ಕುಕ್ಕರಿಗೆ ಏಳೆಂಟು ಚೀಲ ಹಿಡಿಯುತ್ತದೆ, ಹಾಗಾಗಿ 20 ಚೀಲಕ್ಕೆ ಮೂರು ಸಲ. ತಳದಲ್ಲಿ ಸ್ಟ್ಯಾಂಡ್ ಇಟ್ಟು, ನೀರು ಸಾಕಷ್ಟು ಇದೆಯಾ ಎಂದು ನೋಡಿಯೇ ಮುಚ್ಚಿ. ನೀರು ಬತ್ತಿದ ಕುಕ್ಕರ್ ಬಾಂಬಿಗೆ ಸಮ.

ಕುಕ್ಕರ್ ಇಲ್ಲದವರು ಡ್ರಮ್ಮಿನಲ್ಲಿ ಹಬೆ ಕೊಡುತ್ತಾರೆ. ಅಡಿಕೆ ಬೇಯಿಸುವ ಹಂಡೆ ಇದ್ದರೆ ಅದನ್ನೇ ಒಲೆಯ ಮೇಲಿಟ್ಟು, ಒಳಗೆ ದಬ್ಬೆಯ ಅಟ್ಟ ಮಾಡಿ, ಮೇಲೆ ಟಾರ್ಪಾಲಿನ ಮುಚ್ಚಿಗೆ ಬಿಗಿದು ಹಬೆ ಕೊಡಬಹುದು. ಇಲ್ಲಿ ನಮ್ಮ ಎತ್ತರದ ಲೆಕ್ಕ ಬರುತ್ತದೆ. ಹಾಸನ, ಚಿಕ್ಕಮಗಳೂರು ಎರಡೂ ಸಮುದ್ರ ಮಟ್ಟದಿಂದ ಸುಮಾರು 1000 ಮೀಟರ್ ಮೇಲಿವೆ. ನಮ್ಮಲ್ಲಿ ನೀರು 100 ಡಿಗ್ರಿಗೆ ಕುದಿಯುವುದಿಲ್ಲ, 97ರ ಹತ್ತಿರವೇ ಕುದಿಯುತ್ತದೆ. ಮೂರು ಡಿಗ್ರಿ ಏನು ಮಹಾ ಅನ್ನಿಸಬಹುದು. ಮಂಗಳೂರಿನ ಗೆಳೆಯ 8 ಗಂಟೆ ಹಬೆ ಸಾಕು ಎಂದಿದ್ದ. ಅವನ ಮಾತು ಕೇಳಿ 40 ಚೀಲದಲ್ಲಿ 26 ಚೀಲ ಹಸಿರು ಬೂಷ್ಟಿಗೆ ಕೊಟ್ಟೆ. ಅವನ ಲೆಕ್ಕ ಅವನ ಊರಿಗೆ ಸರಿ. ಈಗ ನಾನು ಡ್ರಮ್ಮಿನಲ್ಲಿ ಹಬೆ ಕೊಡುವುದಾದರೆ 10ರಿಂದ 12 ಗಂಟೆ ಕೊಡುತ್ತೇನೆ. ತೌಡನ್ನೂ ಅರ್ಧಕ್ಕೆ ಇಳಿಸುತ್ತೇನೆ. ಇಳುವರಿ ಸ್ವಲ್ಪ ಕಡಿಮೆ, ನಿದ್ದೆ ಸ್ವಲ್ಪ ಜಾಸ್ತಿ. ನಡುವೆ ನೀರು ಸೇರಿಸುವಾಗ ಕುದಿಯುವ ನೀರನ್ನೇ ಸೇರಿಸಿ.

ಬೆಂದ ಮೇಲೆ ತೆರೆಯಬೇಡಿ. ರಾತ್ರಿ ಅಲ್ಲೇ ಆರಲಿ.

ಐದನೇ ಹೆಜ್ಜೆ: ಬೀಜ ಹಾಕುವುದು

ಚೀಲ ಮುಟ್ಟಿದರೆ ಬಿಸಿ ಅನ್ನಿಸಬಾರದು. ಸಣ್ಣ ಕೋಣೆ, ಫ್ಯಾನ್ ಬಂದ್, ಬಾಗಿಲು ಬಂದ್. ಸ್ನಾನ ಮಾಡಿ, ಒಗೆದ ಬಟ್ಟೆ ಹಾಕಿಕೊಂಡು ಕೂರಿ. ಕೈಗೆ, ಚಮಚಕ್ಕೆ ಸ್ಪಿರಿಟ್ ಒರೆಸಿ. ಕೈ ಪೂರ್ತಿ ಒಣಗಿದ ಮೇಲೆಯೇ ದೀಪ ಹಚ್ಚಿ. ಒದ್ದೆ ಸ್ಪಿರಿಟ್ ಕೈಯಲ್ಲಿ ಬೆಂಕಿ ಹತ್ತಿರ ಹೋದವರು ಒಂದೇ ಸಲ ಹೋಗುತ್ತಾರೆ.

ಒಂದು ಕೆಜಿ ಚೀಲಕ್ಕೆ 30 ಗ್ರಾಂ ಬೀಜ. ದೀಪದ ಪಕ್ಕದಲ್ಲೇ ಬಿರಡೆ ತೆಗೆದು, ಬೀಜ ಸುರಿದು, ಕೂಡಲೇ ಬಿರಡೆ ಹಾಕಿ. ಮಾತಾಡಬೇಡಿ. ಆಮೇಲೆ ಚೀಲ ಅಲ್ಲಾಡಿಸಿದರೆ ಕಾಳು ಮೇಲೆಲ್ಲ ಹರಡುತ್ತದೆ.

ತೋಟದವರಿಗೆ ಇಲ್ಲಿ ಒಂದು ಎಚ್ಚರಿಕೆ ಇದೆ. ಅಣಬೆ ರೋಗ ಬಂದ ಮರದ ಸುತ್ತ ಕಂದಕ ತೋಡಿ, ಬೇವಿನ ಹಿಂಡಿಯ ಜೊತೆ ನಾವು ಬುಡಕ್ಕೆ ಹಾಕುವುದು ಏನು? ಟ್ರೈಕೋಡರ್ಮಾ. ಅದು ಗ್ಯಾನೋಡರ್ಮಾವನ್ನು ತಿನ್ನುವ ಹಸಿರು ಬೂಷ್ಟು. ತೋಟದಲ್ಲಿ ನಮ್ಮ ನೆಂಟ, ಶೆಡ್ಡಿನಲ್ಲಿ ಕಳ್ಳ. ಬೆಳಿಗ್ಗೆ ಟ್ರೈಕೋಡರ್ಮಾ ಗೊಬ್ಬರ ಕಲಸಿ ಮಧ್ಯಾಹ್ನ ಅದೇ ಅಂಗಿಯಲ್ಲಿ ಬೀಜ ಹಾಕಲು ಕೂತರೆ ಆ ಬೆಳೆ ಮುಗಿಯಿತು. ಎರಡೂ ಕೆಲಸದ ನಡುವೆ ಒಂದೆರಡು ದಿನ ಬಿಡಿ. ಗೊಬ್ಬರದ ಚೀಲವನ್ನು ಶೆಡ್ಡಿನ ಹತ್ತಿರವೂ ಇಡಬೇಡಿ.

ಆರನೇ ಹೆಜ್ಜೆ: ಕತ್ತಲಲ್ಲಿ ಒಂದು ತಿಂಗಳು

ಕತ್ತಲಿನ, ಬೆಚ್ಚಗಿನ ಮೂಲೆಯಲ್ಲಿ ಚೀಲಗಳನ್ನು ಸಾಲಾಗಿಡಿ. ನೀರು ಬೇಡ, ಗಾಳಿಯ ಚಿಂತೆ ಬೇಡ. 25ರಿಂದ 35 ದಿನದಲ್ಲಿ ಬಿಳಿ ನೂಲು ತಳದವರೆಗೆ ಇಳಿಯುತ್ತದೆ. ಮೇಲ್ಮೈಯಲ್ಲಿ ಹಳದಿ ಮಿಶ್ರಿತ ಕಂದು ಸಿಪ್ಪೆಯಂಥದ್ದು ಕಂಡರೆ ಹೆದರಬೇಡಿ, ಅದು ಇದರ ಸ್ವಭಾವ. ಹಸಿರು, ಕಪ್ಪು, ಕಿತ್ತಳೆ ಪುಡಿ ಕಂಡರೆ ಮಾತ್ರ ಬೂಷ್ಟು. ಅಂಥ ಚೀಲ ತೆರೆಯದೆ ಹೊರಗೆ ಒಯ್ಯಿರಿ. ಮೊದಲ ಸಲ 20ರಲ್ಲಿ ನಾಲ್ಕೈದು ಹೋಗುತ್ತವೆ, ಅಷ್ಟಕ್ಕೆ ಎದೆಗುಂದಬೇಡಿ.

ಏಳನೇ ಹೆಜ್ಜೆ: ಕೊಂಬಿನಿಂದ ಕೊಡೆಗೆ

ನೂಲು ತುಂಬಿದ ಮೇಲೆ ಬಿರಡೆ ತೆಗೆಯಿರಿ. ಚೀಲ ಪೂರ್ತಿ ಕತ್ತರಿಸಬೇಡಿ. ಬಾಯಿ ಚಿಕ್ಕದಿದ್ದರೆ ಒಂದೇ ಅಣಬೆ, ಆದರೆ ದಪ್ಪ ಅಣಬೆ ಬರುತ್ತದೆ. ಈಗ ಬೆಳಕು ಬೇಕು. ಬಿಸಿಲು ಬೇಡ, ಪೇಪರ್ ಓದುವಷ್ಟು ಬೆಳಕು ಸಾಕು. ತೇವ 90ರಿಂದ 95 ಶೇಕಡಾ. ಇನ್ನೂರು ಮುನ್ನೂರು ರೂಪಾಯಿಯ ತೇವಮಾಪಕ ಒಂದು ತಂದು ತೂಗುಹಾಕಿ, ಅಂದಾಜಿನ ಮೇಲೆ ಹೋಗಬೇಡಿ. ಗೋಡೆಗೆ ಗೋಣಿ ಕಟ್ಟಿ ಒದ್ದೆ ಮಾಡಿ, ನೆಲಕ್ಕೆ ಮರಳು ಹಾಸಿ ನೀರು ಚಿಮುಕಿಸಿ. ಅಣಬೆಯ ಮೇಲೆ ನೇರ ನೀರು ಹೊಡೆಯಬೇಡಿ, ಹೊಳಪು ಕೆಟ್ಟು ಕಲೆ ಬೀಳುತ್ತದೆ.

ಒಂದೆರಡು ವಾರದಲ್ಲಿ ಬಾಯಿಯಿಂದ ಬಿಳಿ ಗುಬುಟು ಏಳುತ್ತದೆ. ಸುಣ್ಣದ ಉಂಡೆ ಇಟ್ಟ ಹಾಗೆ. ಇಲ್ಲಿಂದ ಮುಂದೆ ಅದರ ಆಕಾರ ನಿಮ್ಮ ಕಿಟಕಿಯ ಕೈಯಲ್ಲಿದೆ. ಕೋಣೆ ಮುಚ್ಚಿಟ್ಟರೆ ಇಂಗಾಲದ ಡೈಆಕ್ಸೈಡ್ ತುಂಬಿ, ಅಣಬೆ ಗಾಳಿ ಹುಡುಕುತ್ತಾ ಉದ್ದಕ್ಕೆ ಬೆಳೆದು ಜಿಂಕೆ ಕೊಂಬಿನ ಹಾಗೆ ಕವಲೊಡೆಯುತ್ತದೆ. ಗಾಳಿ ಬಿಟ್ಟರೆ ಉದ್ದ ನಿಲ್ಲಿಸಿ ಅಗಲವಾಗಿ, ಕೊಡೆಯ ಹಾಗೆ ಬಿಚ್ಚುತ್ತದೆ. ಕಾಂಡ ಎರಡು ಮೂರು ಇಂಚು ಆಗುವವರೆಗೆ ಕಿಟಕಿ ಅರ್ಧ ಮುಚ್ಚಿಡಿ. ಆಮೇಲೆ ಬೆಳಿಗ್ಗೆ ಸಂಜೆ ಚೆನ್ನಾಗಿ ತೆರೆಯಿರಿ, ತೇವವನ್ನು 85ಕ್ಕೆ ಇಳಿಸಿ. ಕೊಂಬಿನ ಆಕಾರದ್ದನ್ನು ಅಲಂಕಾರಕ್ಕೂ ಕೊಳ್ಳುವವರಿದ್ದಾರೆ. ನನ್ನ ಮಗಳು ಒಂದನ್ನು ಟಿವಿ ಪಕ್ಕ ಇಟ್ಟು ನಾಲ್ಕು ವರ್ಷವಾಯಿತು, ಹಾಗೇ ಇದೆ.

ಬೆಳೆಯುವ ಅಣಬೆಯ ಅಂಚು ಬಿಳಿ, ಅದರ ಒಳಗೆ ಹಳದಿ, ಇನ್ನೂ ಒಳಗೆ ಕೆಂಪು. ನೋಡಲು ಕುಂಕುಮ ಅರಿಸಿನ ಇಟ್ಟ ಹಾಗಿರುತ್ತದೆ. ದಿನಾ ಹೋಗಿ ನೋಡಬೇಕು ಅನ್ನಿಸುವುದು ಈ ಹೊತ್ತಿನಲ್ಲೇ.

ಎಂಟನೇ ಹೆಜ್ಜೆ: ಕೊಯ್ಲು

ಅಂಚಿನ ಬಿಳಿ ಮಾಯವಾಗಿ ಕೆಂಪು ತುದಿಯವರೆಗೆ ಬಂದರೆ ಬೆಳೆದಿದೆ ಎಂದು ಅರ್ಥ. ಆಮೇಲೆ ಕೋಕೋ ಪುಡಿಯಂಥ ಕಂದು ಧೂಳು ಉದುರಲು ಶುರುವಾಗುತ್ತದೆ. ಅದು ಬೀಜಕಣ. ಚೀನಾದಲ್ಲಿ ಆ ಪುಡಿಯನ್ನೂ ಸಂಗ್ರಹಿಸಿ ಮಾರುತ್ತಾರೆ. ಅಲ್ಲಿಯ ವಿಡಿಯೋ ನೋಡಿ ನೀವೂ ಹಾಗೆ ಮಾಡಲು ಹೋಗಬೇಡಿ. ಅಣಬೆಗಳು ಕೋಟಿಗಟ್ಟಲೆ ಬೀಜಕಣ ಬಿಡುತ್ತವೆ, ಹೊರಗೆ ಅಡಿಕೆ ತೋಟ ಇದೆ. ಬಿಳಿ ಅಂಚು ಹೋದ ಒಂದೆರಡು ದಿನದಲ್ಲೇ, ಧೂಳು ಹಿಡಿಯುವ ಮೊದಲೇ ಕೊಯ್ದುಬಿಡಿ. ತೂಕದಲ್ಲಿ ಸ್ವಲ್ಪ ನಷ್ಟ ಆದರೂ ಆಗಲಿ. ಧೂಳು ಇದ್ದರೆ ಮಾಸ್ಕ್ ಹಾಕಿಯೇ ಒಳಗೆ ಹೋಗಿ, ಉಬ್ಬಸ ಇದ್ದವರು ಹೋಗಲೇಬೇಡಿ. ನೆಲವನ್ನು ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಚೂಪಾದ ಚಾಕುವಿನಿಂದ ಬುಡಕ್ಕೇ ಕತ್ತರಿಸಿ. ತುಂಡು ಉಳಿದರೆ ಅದೇ ಮತ್ತೆ ಸೊಟ್ಟ ಸೊಟ್ಟ ಬೆಳೆಯುತ್ತದೆ. ತೇವ ಏರಿಸಿದರೆ ಎರಡನೇ ಬೆಳೆ ಬರುತ್ತದೆ. ಮೂರನೆಯದು ಬಂದರೆ ಬಂತು, ನಾನು ಕಾಯುವುದಿಲ್ಲ.

ಅದೇ ದಿನ, ಹಸಿ ಇರುವಾಗಲೇ 3ರಿಂದ 5 ಮಿಲಿಮೀಟರ್ ದಪ್ಪದ ಹೋಳು ಮಾಡಿ. ಒಣಗಿದ ಮೇಲೆ ಹೆಚ್ಚುತ್ತೇನೆ ಅಂದರೆ ಗರಗಸ ಬೇಕಾಗುತ್ತದೆ. ತೊಳೆಯಬೇಡಿ, ಬ್ರಷ್‌ನಿಂದ ಉಜ್ಜಿ. ಡ್ರೈಯರ್ ಇದ್ದರೆ 40ರಿಂದ 50 ಡಿಗ್ರಿಯಲ್ಲಿ ಒಣಗಿಸಿ. ಏಲಕ್ಕಿ, ಅಡಿಕೆಯ ಡ್ರೈಯರ್ ಆಗುತ್ತದೆ, ಹೊಗೆ ತಾಗಬಾರದು ಅಷ್ಟೇ. ಮುರಿದರೆ ಟಕ್ ಎಂದು ಸದ್ದು ಬರಬೇಕು. ಬಾಗಿದರೆ ಇನ್ನೂ ಒಣಗಿಲ್ಲ. ಮುಂಗಾರಿನಲ್ಲಿ ನಮ್ಮ ಗಾಳಿಯೇ ಒದ್ದೆ, ಹಾಗಾಗಿ ಒಣಗಿದ ಗಂಟೆಯಲ್ಲೇ ಗಾಳಿಯಾಡದ ಡಬ್ಬಿಗೆ ತುಂಬಿ.

ಲಾಭ ಎಷ್ಟು?

ಒಂದು ಕೆಜಿ ಚೀಲದಲ್ಲಿ ಇರುವ ಒಣ ಪದಾರ್ಥ 380 ಗ್ರಾಂ. ಅದರ 20ರಿಂದ 25 ಶೇಕಡಾ ಹಸಿ ಅಣಬೆ ಬಂದರೆ ಒಳ್ಳೆ ಬೆಳೆ. ಅಂದರೆ ಚೀಲಕ್ಕೆ 75ರಿಂದ 95 ಗ್ರಾಂ ಹಸಿ. ಒಣಗಿದರೆ ಅದರ ಮೂರನೇ ಒಂದು ಭಾಗ. 20 ಚೀಲದಿಂದ ಎಲ್ಲ ಸರಿಯಾಗಿ ನಡೆದರೆ ಅರ್ಧ ಕೆಜಿ ಒಣ ಅಣಬೆ. ಮೊದಲ ಸಲ ಅದರ ಅರ್ಧ ಬಂದರೂ ಚಿಕ್ಕ ಪೂಜೆ ಮಾಡಿಸಬಹುದು.

ಕೊಳ್ಳುವವರು ಯಾರು ಎಂದು ತಿಳಿದ ಮೇಲೆಯೇ ಚೀಲದ ಸಂಖ್ಯೆ ಏರಿಸಿ. ಬೀಜ ನಾವೇ ಕೊಡುತ್ತೇವೆ, ಬೆಳೆ ನಾವೇ ಕೊಳ್ಳುತ್ತೇವೆ, ಮುಂಗಡ ಇಷ್ಟು ಕಟ್ಟಿ ಎನ್ನುವವರ ಹತ್ತಿರ ನಾನೂ ಒಮ್ಮೆ ದುಡ್ಡು ಕಳೆದುಕೊಂಡಿದ್ದೇನೆ. ಬೆಳೆ ಬಂದಾಗ ಅವರ ಫೋನ್ ಬಂದ್ ಆಗಿತ್ತು. ಪ್ಯಾಕ್ ಮಾಡಿ ಆಹಾರ ಎಂದು ಮಾರಲು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ, ನೋಂದಣಿ ಬೇಕು. ಲೇಬಲ್ ಮೇಲೆ ಕ್ಯಾನ್ಸರ್, ಸಕ್ಕರೆ ಕಾಯಿಲೆ ವಾಸಿ ಎಂದು ಬರೆದರೆ 1954ರ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯಡಿ ಅಪರಾಧ.

ಮನೆಯಲ್ಲಿ ಕಷಾಯ

ನಾವು ಮಾಡುವುದು ಹೀಗೆ. ಎರಡು ಮೂರು ಗ್ರಾಂ ಹೋಳು, ಒಂದು ಲೀಟರ್ ನೀರು, ಸಣ್ಣ ಉರಿ, ಅರ್ಧ ಲೀಟರ್ ಆಗುವವರೆಗೆ. ಒಂದು ಗಂಟೆಗೂ ಜಾಸ್ತಿ ಬೇಕು. ಕಹಿ ಅಂದರೆ ಕಿರಾತಕಡ್ಡಿಯ ತಮ್ಮ. ಶುಂಠಿ ಜಜ್ಜಿ ಹಾಕಿ, ಜೋನಿ ಬೆಲ್ಲ ಸೇರಿಸಿದರೆ ಗಂಟಲಿಗೆ ಇಳಿಯುತ್ತದೆ.

ರಕ್ತ ತೆಳು ಮಾಡುವ ಮಾತ್ರೆ, ಬಿಪಿ, ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರು, ಅಂಗ ಕಸಿ ಆದವರು ವೈದ್ಯರನ್ನು ಕೇಳದೆ ಕುಡಿಯಬಾರದು. ಆಪರೇಷನ್ ಇದ್ದರೆ ಎರಡು ವಾರ ಮೊದಲೇ ನಿಲ್ಲಿಸಿ. ಬಸುರಿ, ಬಾಣಂತಿಯರಿಗೆ, ಮಕ್ಕಳಿಗೆ ಬೇಡ. ಪುಡಿಯನ್ನು ತಿಂಗಳುಗಟ್ಟಲೆ ತಿಂದು ಲಿವರ್‌ಗೆ ತೊಂದರೆಯಾದ ಪ್ರಕರಣಗಳೂ ವರದಿಯಾಗಿವೆ. ಕಾಡಿನಿಂದ, ರಸ್ತೆ ಬದಿಯ ಮರದಿಂದ ಕಿತ್ತದ್ದನ್ನು ಕುದಿಸಬೇಡಿ. ಮಣ್ಣು, ಗಾಳಿಯ ವಿಷಲೋಹಗಳನ್ನು ಅಣಬೆ ಹೀರಿಕೊಂಡಿರುತ್ತದೆ.

ಕೊನೆಯ ಹೆಜ್ಜೆ: ಖಾಲಿ ಚೀಲ

ಮೊದಲ ವರ್ಷ ನಾನು ತಪ್ಪಿದ್ದು ಇಲ್ಲೇ. ಬೆಳೆ ಮುಗಿದ ಚೀಲದೊಳಗೆ ನೂಲು ಸತ್ತಿರುವುದಿಲ್ಲ. ಬರೀ ಊಟ ಮುಗಿದಿರುತ್ತದೆ. ಮಣ್ಣಿಗೆ ಬಿದ್ದು, ಪಕ್ಕದಲ್ಲಿ ಬೇರೋ ಹಳೆ ಬೊಡ್ಡೆಯೋ ಸಿಕ್ಕಿದರೆ ಅದು ಮತ್ತೆ ಊಟಕ್ಕೆ ಕೂರುತ್ತದೆ. ಹಾಗಾಗಿ ತೋಟಕ್ಕೆ ಬೇಡ, ತಿಪ್ಪೆಗೆ ಬೇಡ, ಹಳ್ಳದ ದಂಡೆಗೂ ಬೇಡ. ಕಾಫಿ ಗಿಡಕ್ಕೂ ಬೇರು ರೋಗಗಳಿವೆ, ಅಲ್ಲಿಗೂ ಬೇಡ.

ಗೊಬ್ಬರ ಮಾಡಲೇಬೇಕು ಎನ್ನುವವರು ಚೀಲಗಳನ್ನು ಮತ್ತೆ ನಾಲ್ಕೈದು ಗಂಟೆ ಹಬೆಯಲ್ಲಿ ಬೇಯಿಸಿ, ರಾಗಿ ಹೊಲಕ್ಕೋ ಗದ್ದೆಗೋ ಹಾಕಿ. ಬೂಷ್ಟು ಹಿಡಿದ ಚೀಲಕ್ಕೂ ಇದೇ ಸಂಸ್ಕಾರ.

ನಾನು ಮಾಡುವುದು ಬೇರೆ. ಪ್ಲಾಸ್ಟಿಕ್ ಬಿಡಿಸಿ ಬೇರೆ ಇಡುತ್ತೇನೆ, ಅದನ್ನು ಸುಡಬಾರದು. ಒಳಗಿನ ಗಟ್ಟಿಯನ್ನು ಶೆಡ್ಡಿನ ಸಿಮೆಂಟ್ ನೆಲದ ಮೇಲೆಯೇ ವಾರಗಟ್ಟಲೆ ಒಣಗಲು ಬಿಡುತ್ತೇನೆ. ಒಣಗಿದರೆ ಹಗುರ, ಸೌದೆಯ ಹಾಗೆ ಉರಿಯುತ್ತದೆ. ಜೂನ್, ಜುಲೈ ತಿಂಗಳಲ್ಲಿ ಸೌದೆಯೆಲ್ಲ ಒದ್ದೆಯಾಗಿ ಬರೀ ಹೊಗೆ ಕೊಡುವಾಗ ನಮ್ಮ ಮನೆಯ ಬಚ್ಚಲೊಲೆಗೆ ಇದೇ. ಒಂದು ಹಂಡೆ ನೀರಿಗೆ ನಾಲ್ಕು ಗಟ್ಟಿ ಸಾಕು. ಚಿಕ್ಕಪ್ಪ ಮಳೆಗಾಲದಲ್ಲಿ ಬಂದಾಗಲೆಲ್ಲ ಮೊದಲು ಒಲೆ ಬಗ್ಗಿ ನೋಡುತ್ತಾರೆ, ಆಮೇಲೆ ಟವೆಲ್ ಕೇಳುತ್ತಾರೆ.